ಉಚಿತ ಚೆಸ್ ಎಂಜಿನ್ ದುಡ್ಡಿನ ಎಂಜಿನ್‌ಗಳನ್ನು ಹಿಂದಿಕ್ಕಿದ್ದು ಹೇಗೆ?

2025ರ ಆಗಸ್ಟ್ ಮೊದಲ ವಾರದಲ್ಲಿ ಗೂಗಲ್ ಒಡೆತನದ ಕ್ಯಾಗಲ್ ಸಂಸ್ಥೆಯು ಎಂಟು ಕೃತಕ ಬುದ್ಧಿಮತ್ತೆ ಮಾದರಿಗಳ ನಡುವೆ ಚದುರಂಗದ ಪಂದ್ಯಾವಳಿ ಏರ್ಪಡಿಸಿತ್ತು. ಫೈನಲ್‌ನಲ್ಲಿ ಓಪನ್‌ಎಐ ಕಂಪನಿಯ ಓ3 ಮಾದರಿಯು ಎಕ್ಸ್‌ಎಐ ಕಂಪನಿಯ ಗ್ರೋಕ್ 4 ಮಾದರಿಯನ್ನು 4–0 ಅಂತರದಿಂದ ಸೋಲಿಸಿತು. ಎಐ ಲೋಕದ ಚೆಸ್ ಚಾಂಪಿಯನ್ ಯಾರೆಂಬುದು ತೀರ್ಮಾನವಾಯಿತು ಎಂಬ ಅರ್ಥ ಬರುವಂತೆ ಹರಿದಾಡಿದ ಈ ಸುದ್ದಿಯು ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ಮಕ್ಕಳನ್ನು ಚೆಸ್ ತರಗತಿಗೆ ಕಳಿಸುವ ಪಾಲಕರನ್ನು ಗೊಂದಲಕ್ಕೆ ದೂಡುವಂತಿತ್ತು. ಅಪಾರ ಬಂಡವಾಳ ಹೂಡಿದ ಕಂಪನಿಗಳ ಮಾದರಿಗಳು ಆ ಪಂದ್ಯಗಳಲ್ಲಿ ಶಾಲಾ ಮಟ್ಟದ ಆಟಗಾರರೂ ಮಾಡದ ತಪ್ಪುಗಳನ್ನು ಮಾಡಿದವು. ಆದರೆ ಒಂದು ಪೈಸೆಯನ್ನೂ ಕೊಡದೆ ಮೊಬೈಲಿಗೆ ಇಳಿಸಿಕೊಳ್ಳಬಹುದಾದ ಸ್ಟಾಕ್‌ಫಿಶ್ ಎಂಬ ಎಂಜಿನ್ ವಿಶ್ವ ಚಾಂಪಿಯನ್ನರಿಗೂ ನಿಲುಕದ ಮಟ್ಟದಲ್ಲಿ ಆಡುತ್ತದೆ. ಹಾಗಿದ್ದರೆ ತಿಂಗಳಿಗಿಷ್ಟು ಎಂದು ಚಂದಾ ಕೇಳುವ ಆ್ಯಪ್‌ಗಳು ಮಾರುತ್ತಿರುವುದೇನು, ಹವ್ಯಾಸಿಗಳು ಕಟ್ಟಿದ ಉಚಿತ ಎಂಜಿನ್ ಕಂಪನಿಗಳ ಎಂಜಿನ್‌ಗಳಿಗಿಂತ ಬಲಶಾಲಿಯಾದದ್ದು ಹೇಗೆ ಎಂಬ ಪ್ರಶ್ನೆಗಳು ಏಳುತ್ತವೆ. ಇದಕ್ಕೆ ಉತ್ತರ ಹುಡುಕಲು ಕಳೆದ ಇಪ್ಪತ್ತು ವರ್ಷಗಳಲ್ಲಿ ಈ ಕ್ಷೇತ್ರದಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

ಸುದ್ದಿಯಲ್ಲಿದ್ದ ಯಂತ್ರ ಬೇರೆ, ಚೆಸ್ ಎಂಜಿನ್ ಬೇರೆ

ಆಗಸ್ಟ್ ಪಂದ್ಯಾವಳಿಯಲ್ಲಿ ಆಡಿದವು ಭಾಷಾ ಮಾದರಿಗಳು. ಅವು ಅಪಾರ ಪಠ್ಯವನ್ನು ಓದಿ, ಮುಂದಿನ ಪದ ಯಾವುದಿರಬಹುದೆಂದು ಊಹಿಸುವುದನ್ನು ಕಲಿತಿವೆ. ಆ ಪಠ್ಯದಲ್ಲಿ ಚೆಸ್ ಆಟಗಳ ದಾಖಲೆಗಳೂ ಇರುವುದರಿಂದ ಮೊದಲ ಹತ್ತಾರು ನಡೆಗಳನ್ನು ಅವು ಚೆನ್ನಾಗಿಯೇ ಆಡುತ್ತವೆ. ಪರಿಚಿತ ದಾರಿ ಮುಗಿದ ಮೇಲೆ ಮಣೆಯ ಮೇಲೆ ಯಾವ ಕಾಯಿ ಎಲ್ಲಿದೆ ಎಂಬ ಲೆಕ್ಕವೇ ತಪ್ಪಲು ಶುರುವಾಗುತ್ತದೆ. ಹೊರಗಿನ ಚೆಸ್ ಎಂಜಿನ್ನಿನ ನೆರವು ಪಡೆಯಲು ಅವಕ್ಕೆ ಅನುಮತಿ ಇರಲಿಲ್ಲ. ನಿಯಮಬದ್ಧವಾದ ನಡೆಯೊಂದನ್ನು ಹೇಳಲಾಗದೆಯೇ ಕೆಲವು ಮಾದರಿಗಳು ಆಟ ಕಳೆದುಕೊಂಡವು.

ಚೆಸ್ ಎಂಜಿನ್ ಹೀಗಲ್ಲ. ಅದಕ್ಕೆ ಚದುರಂಗದ ಹೊರತು ಬೇರೇನೂ ಗೊತ್ತಿಲ್ಲ. ಅದು ಮಾಡುವುದು ಎರಡೇ ಕೆಲಸ: ‘ನಾನು ಹೀಗೆ ನಡೆದರೆ ಎದುರಾಳಿ ಏನು ನಡೆಯಬಹುದು, ಅದಕ್ಕೆ ನನ್ನ ಉತ್ತರವೇನು’ ಎಂದು ಮುಂದಕ್ಕೆ ಮುಂದಕ್ಕೆ ಹುಡುಕುತ್ತ ಹೋಗುವುದು ಒಂದು, ಹಾಗೆ ತಲುಪಿದ ಸ್ಥಿತಿ ಯಾರಿಗೆ ಎಷ್ಟು ಅನುಕೂಲ ಎಂದು ಅಂಕೆಯಲ್ಲಿ ಬೆಲೆ ಕಟ್ಟುವುದು ಇನ್ನೊಂದು. ಉಪಯೋಗವಿಲ್ಲದ ಕವಲುಗಳನ್ನು ಬೇಗ ಕೈಬಿಡುವ ಜಾಣ್ಮೆಯಲ್ಲಿಯೇ ಎಂಜಿನ್ನಿನ ಬಲ ಬಹುಪಾಲು ಅಡಗಿದೆ. ಮ್ಯಾಗ್ನಸ್ ಕಾರ್ಲ್‌ಸನ್ 2014ರ ಮೇ ತಿಂಗಳಲ್ಲಿ ತಲುಪಿದ 2882 ರೇಟಿಂಗ್ (ಆಟದ ಬಲವನ್ನು ಅಳೆಯುವ ಅಂಕ) ಮನುಷ್ಯರಲ್ಲಿ ಇಂದಿಗೂ ಅತ್ಯುನ್ನತ. ಮುಂಚೂಣಿಯ ಎಂಜಿನ್‌ಗಳ ರೇಟಿಂಗ್ ಪಟ್ಟಿಗಳು 3500ನ್ನು ದಾಟಿವೆ. ಎಂಜಿನ್‌ಗಳು ತಮ್ಮತಮ್ಮಲ್ಲೇ ಆಡಿ ಗಳಿಸಿದ ಅಂಕೆಯನ್ನು ಮನುಷ್ಯರ ಅಂಕೆಯ ಪಕ್ಕದಲ್ಲಿಟ್ಟು ನೇರವಾಗಿ ಹೋಲಿಸುವುದು ಸರಿಯಲ್ಲವಾದರೂ, ಇಂದು ಯಾವ ಗ್ರ್ಯಾಂಡ್‌ಮಾಸ್ಟರ್ ಕೂಡ ಅವುಗಳೊಂದಿಗೆ ಸರಿಸಮವಾಗಿ ಆಡುವ ಮಾತೇ ಇಲ್ಲ.

ಸಿ.ಡಿ.ಯಲ್ಲಿ ಮಾರಾಟವಾಗುತ್ತಿದ್ದ ಬಲ

1997ರ ಮೇ ತಿಂಗಳಲ್ಲಿ ಗ್ಯಾರಿ ಕ್ಯಾಸ್ಪರೊವ್ ಅವರನ್ನು 3.5–2.5 ಅಂತರದಿಂದ ಸೋಲಿಸಿದ ಐಬಿಎಂ ಕಂಪನಿಯ ಡೀಪ್ ಬ್ಲೂ, ಚೆಸ್‌ಗೆಂದೇ ತಯಾರಿಸಿದ 480 ಚಿಪ್‌ಗಳನ್ನು ಹೊಂದಿದ್ದ, ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿದ್ದ ಬೃಹತ್ ಯಂತ್ರ. ಜನಸಾಮಾನ್ಯರಿಗೆ ಆ ಕಾಲದಲ್ಲಿ ಸಿಗುತ್ತಿದ್ದುದು ಫ್ರಿಟ್ಜ್, ಶ್ರೆಡರ್, ಜೂನಿಯರ್, ಹಿಯಾರ್ಕ್ಸ್‌ನಂಥ ಮಾರಾಟದ ಪ್ರೋಗ್ರಾಂಗಳು. ಒಬ್ಬಿಬ್ಬರು ವರ್ಷಗಟ್ಟಲೆ ಕುಳಿತು ಬರೆದ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಂನ ಮೂಲ ಬರಹ, ಅವರ ಆಸ್ತಿಯಾಗಿತ್ತು. ಕುದುರೆಗೆ ಎಷ್ಟು ಬೆಲೆ, ರಾಜನ ಮುಂದಿನ ಸೈನಿಕರು ಚದುರಿದರೆ ಎಷ್ಟು ನಷ್ಟ, ಎರಡೂ ಒಂಟೆಗಳು ಉಳಿದಿದ್ದರೆ ಎಷ್ಟು ಲಾಭ ಎಂಬ ನೂರಾರು ಅಂಕೆಗಳನ್ನು ಅವರು ಗುಟ್ಟಾಗಿಡುತ್ತಿದ್ದರು. ಈ ಮಾರುಕಟ್ಟೆಯ ದೊಡ್ಡ ಹೆಸರು ಜರ್ಮನಿಯ ಹ್ಯಾಂಬರ್ಗ್ ನಗರದ ಚೆಸ್‌ಬೇಸ್ ಕಂಪನಿ.

ಹವ್ಯಾಸಿಗಳ ಪ್ರೋಗ್ರಾಂಗಳು ಆಗಲೂ ಇದ್ದವು. ಆದರೆ ಮಣೆಯ ಚಿತ್ರ, ಗಡಿಯಾರ, ಆಟ ಉಳಿಸಿಡುವ ವ್ಯವಸ್ಥೆ ಎಲ್ಲವನ್ನೂ ಅವರೇ ಬರೆಯಬೇಕಿತ್ತು. 2000ನೇ ಇಸವಿಯ ನವೆಂಬರಿನಲ್ಲಿ ಬಂದ ಯುಸಿಐ ಎಂಬ ಸಂವಹನ ನಿಯಮಾವಳಿ ಈ ಹೊರೆಯನ್ನು ಇಳಿಸಿತು. ಅದನ್ನು ಪಾಲಿಸುವ ಯಾವ ಎಂಜಿನ್ನನ್ನಾದರೂ ಯಾವ ಮಣೆಯ ಪ್ರೋಗ್ರಾಂಗಾದರೂ ಜೋಡಿಸಬಹುದಾಯಿತು, ಮನೆಯಲ್ಲಿ ಕುಳಿತ ಹವ್ಯಾಸಿ ಆಟದ ಬಲವೊಂದರ ಕಡೆಗೇ ಗಮನ ಕೊಡಬಹುದಾಯಿತು. ಈ ನಿಯಮಾವಳಿಯನ್ನು ರೂಪಿಸಿ ಎಲ್ಲರಿಗೂ ಬಿಟ್ಟುಕೊಟ್ಟ ಇಬ್ಬರಲ್ಲಿ ಸ್ಟೀಫನ್ ಮೇಯರ್-ಕಾಲೆನ್ ಸ್ವತಃ ಶ್ರೆಡರ್ ಎಂಬ ಮಾರಾಟದ ಎಂಜಿನ್ನಿನ ಲೇಖಕರು. ಸೋರ್ಸ್ ಕೋಡನ್ನು ಎಲ್ಲರಿಗೂ ತೆರೆದಿಡುವ ಮುಕ್ತ ತಂತ್ರಾಂಶದ ಗೆಲುವಿನ ಕಥೆ ಹೇಳುವವರು ವಾಣಿಜ್ಯ ಪಾಳೆಯದ ಈ ಉಪಕಾರವನ್ನು ಮರೆಯಬಾರದು.

2005ರಲ್ಲಿ ಫ್ರಾನ್ಸಿನ ಫಾಬಿಯನ್ ಲೆತುಝೆ ತಮ್ಮ ಫ್ರೂಟ್ 2.1 ಎಂಜಿನ್ನಿನ ಸೋರ್ಸ್ ಕೋಡನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿದರು. ಅದೇ ವರ್ಷ ರೆಯ್ಕ್ಯಾವಿಕ್‌ನಲ್ಲಿ ನಡೆದ ವಿಶ್ವ ಕಂಪ್ಯೂಟರ್ ಚೆಸ್ ಚಾಂಪಿಯನ್‌ಶಿಪ್‌ನಲ್ಲಿ ಫ್ರೂಟ್ ಎರಡನೇ ಸ್ಥಾನ ಪಡೆಯಿತು. ವರ್ಷದ ಕೊನೆಗೆ ವಾಸಿಕ್ ರಾಜ್ಲಿಕ್ ಅವರ ರಿಬ್ಕಾ ಎಂಜಿನ್ ಬಂದು ನಾಲ್ಕೈದು ವರ್ಷ ಎದುರಾಳಿಯೇ ಇಲ್ಲದಂತೆ ಮೆರೆಯಿತು. 2011ರಲ್ಲಿ ಅಂತರರಾಷ್ಟ್ರೀಯ ಕಂಪ್ಯೂಟರ್ ಗೇಮ್ಸ್ ಅಸೋಸಿಯೇಷನ್, ರಿಬ್ಕಾದಲ್ಲಿ ಕ್ರಾಫ್ಟಿ ಮತ್ತು ಫ್ರೂಟ್ ಎಂಜಿನ್‌ಗಳಿಂದ ಪಡೆದ ಭಾಗಗಳಿವೆ ಎಂದು ತೀರ್ಮಾನಿಸಿ, 2007ರಿಂದ 2010ರವರೆಗಿನ ಅದರ ವಿಶ್ವ ಪ್ರಶಸ್ತಿಗಳನ್ನು ಹಿಂಪಡೆಯಿತು. ರಾಜ್ಲಿಕ್ ಆರೋಪವನ್ನು ಒಪ್ಪಲಿಲ್ಲ. ಅವರ ಮೇಲೆ ಹೇರಿದ ಆಜೀವ ನಿಷೇಧದ ಕ್ರಮವನ್ನು 2015ರಲ್ಲಿ ವಿಶ್ವ ಚೆಸ್ ಒಕ್ಕೂಟವಾದ ಫಿಡೆಯ ನೀತಿ ಆಯೋಗ ಆಕ್ಷೇಪಿಸಿತು. ಪ್ರೋಗ್ರಾಮರುಗಳ ನಡುವೆ ಈ ವಾದ ಇನ್ನೂ ಮುಗಿದಿಲ್ಲ, ಏಕೆಂದರೆ ಅದರ ಬೇರು ಕಾನೂನಿನ ಒಂದು ಸೂಕ್ಷ್ಮದಲ್ಲಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆ ಸೇರಿದಂತೆ ಬಹುತೇಕ ದೇಶಗಳ ಕಾನೂನುಗಳು ಕಂಪ್ಯೂಟರ್ ಪ್ರೋಗ್ರಾಂ ಅನ್ನು ಸಾಹಿತ್ಯ ಕೃತಿಯೆಂದೇ ಪರಿಗಣಿಸುತ್ತವೆ. ಬರೆದ ಸಾಲುಗಳಿಗೆ ರಕ್ಷಣೆ ಉಂಟು, ಅವುಗಳ ಹಿಂದಿನ ಉಪಾಯಕ್ಕೆ ಇಲ್ಲ. ಮುಕ್ತ ಕೋಡನ್ನು ಓದಿ ಉಪಾಯ ಕಲಿಯುವುದು ಎಲ್ಲಿ ಮುಗಿದು ಸಾಲುಗಳನ್ನೇ ಎತ್ತಿಕೊಳ್ಳುವುದು ಎಲ್ಲಿ ಶುರುವಾಗುತ್ತದೆ ಎಂಬುದು ಯಂತ್ರಭಾಷೆಗೆ ಬದಲಾದ ಫೈಲನ್ನು ಹೊರಗಿನಿಂದ ನೋಡುವವರಿಗೆ ಸುಲಭವಾಗಿ ತಿಳಿಯುವುದಿಲ್ಲ.

ಒಂದು ಸಾಲಿನ ತಿದ್ದುಪಡಿ ಪರೀಕ್ಷೆಗೆ ಹೋಗುವ ಬಗೆ

ಸ್ಟಾಕ್‌ಫಿಶ್ ಹುಟ್ಟಿದ್ದು 2008ರಲ್ಲಿ. ನಾರ್ವೆಯ ಟೋರ್ಡ್ ರೋಮ್‌ಸ್ಟಾಡ್ ಅವರ ಗ್ಲಾರುಂಗ್ ಎಂಬ ಮುಕ್ತ ಎಂಜಿನ್ನನ್ನು ಇಟಲಿಯ ಮಾರ್ಕೊ ಕೊಸ್ಟಾಲ್ಬ ಕೈಗೆತ್ತಿಕೊಂಡು ಬೆಳೆಸಿದರು. ಫಿನ್‌ಲೆಂಡಿನ ಯೋನಾ ಕೀಸ್ಕಿ ಜೊತೆಗೂಡಿದರು. ಮೊದಲ ಕೆಲವು ವರ್ಷ ಅದು ಒಳ್ಳೆಯ ಎಂಜಿನ್‌ಗಳಲ್ಲಿ ಒಂದಾಗಿತ್ತು, ಅಷ್ಟೇ. ಅದನ್ನು ಮೇಲಕ್ಕೆತ್ತಿದ್ದು 2013ರಲ್ಲಿ ಗ್ಯಾರಿ ಲಿನ್ಸ್‌ಕಾಟ್ ಕಟ್ಟಿದ ಫಿಶ್‌ಟೆಸ್ಟ್ ಎಂಬ ಪರೀಕ್ಷಾ ವ್ಯವಸ್ಥೆ. ಇಡೀ ವಿಷಯದ ತಿರುಳು ಇಲ್ಲಿರುವುದರಿಂದ ಈ ವ್ಯವಸ್ಥೆಯನ್ನು ಹತ್ತಿರದಿಂದ ನೋಡೋಣ.

ಒಬ್ಬ ಹವ್ಯಾಸಿಗೆ, ರಾಜನ ಸುತ್ತ ಅಪಾಯವಿರುವ ಸ್ಥಿತಿಗಳಲ್ಲಿ ಹುಡುಕಾಟ ಇನ್ನೊಂದು ನಡೆ ಆಳಕ್ಕೆ ಹೋಗಬೇಕು ಎಂದು ತೋರಿತು ಎನ್ನೋಣ. ಅವರು ಕೋಡಿನಲ್ಲಿ ಒಂದು ಸಾಲು ಬದಲಿಸಿ ಕಳಿಸುತ್ತಾರೆ. ಆ ತಿದ್ದುಪಡಿ ಚೆನ್ನಾಗಿದೆಯೇ ಎಂದು ಯಾವ ಹಿರಿಯರೂ ಕಣ್ಣಂದಾಜಿನಲ್ಲಿ ನಿರ್ಧರಿಸುವುದಿಲ್ಲ. ಹಳೆಯ ಸ್ಟಾಕ್‌ಫಿಶ್ ಮತ್ತು ತಿದ್ದಿದ ಸ್ಟಾಕ್‌ಫಿಶ್ ನಡುವೆ ಆಟಗಳು ಶುರುವಾಗುತ್ತವೆ. ಆಡಿಸುವವು ಜಗತ್ತಿನ ಬೇರೆ ಬೇರೆ ಊರುಗಳಲ್ಲಿ ಸ್ವಯಂಸೇವಕರು ಬಿಟ್ಟುಕೊಟ್ಟ ಕಂಪ್ಯೂಟರುಗಳು. ಮೊದಲ ಹಂತದಲ್ಲಿ ಪ್ರತಿ ಎಂಜಿನ್ನಿಗೆ ಇಡೀ ಆಟಕ್ಕೆ 10 ಸೆಕೆಂಡು, ಜೊತೆಗೆ ನಡೆಗೆ ಸೆಕೆಂಡಿನ ಹತ್ತನೇ ಒಂದು ಭಾಗ. ಅಲ್ಲಿ ಪಾಸಾದರೆ 60 ಸೆಕೆಂಡುಗಳ ಎರಡನೇ ಹಂತ. ಸಮಬಲದ ಎಂಜಿನ್‌ಗಳು ಆರಂಭಿಕ ಸ್ಥಿತಿಯಿಂದ ಆಡಿದರೆ ಬಹುತೇಕ ಎಲ್ಲವೂ ಡ್ರಾ ಆಗುವುದರಿಂದ, ಒಂದು ಕಡೆಗೆ ತುಸು ವಾಲಿದ ಸ್ಥಿತಿಗಳಿಂದ ಆಟ ಶುರುಮಾಡಿಸಿ, ಅದೇ ಸ್ಥಿತಿಯನ್ನು ಬಣ್ಣ ಬದಲಿಸಿ ಮತ್ತೊಮ್ಮೆ ಆಡಿಸುತ್ತಾರೆ. ಪ್ರತಿ ಫಲಿತಾಂಶ ಬಂದಂತೆ ಸಂಖ್ಯಾಶಾಸ್ತ್ರದ ಸೂತ್ರವೊಂದು ಲೆಕ್ಕ ಹಾಕುತ್ತ ಹೋಗುತ್ತದೆ. ಸುಧಾರಣೆ ನಿಜವೆಂದು ಸಾಕಷ್ಟು ಖಾತ್ರಿಯಾದಾಗ ಅಥವಾ ಇಲ್ಲವೆಂದು ಖಾತ್ರಿಯಾದಾಗ ಪರೀಕ್ಷೆ ತಾನಾಗಿ ನಿಲ್ಲುತ್ತದೆ. ಅದಕ್ಕೆ ಹತ್ತಾರು ಸಾವಿರ ಆಟಗಳು ಬೇಕಾಗುವುದು ಸಾಮಾನ್ಯ. ಹೆಚ್ಚಿನ ತಿದ್ದುಪಡಿಗಳು ಅನುತ್ತೀರ್ಣವಾಗುತ್ತವೆ. ಉತ್ತೀರ್ಣವಾದವು ತರುವ ಲಾಭವೂ ಒಂದೆರಡು ರೇಟಿಂಗ್ ಅಂಕ, ಕೆಲವೊಮ್ಮೆ ಅದಕ್ಕೂ ಕಡಿಮೆ.

ಇಷ್ಟು ಸಣ್ಣ ಲಾಭವನ್ನು ಅಳೆಯುವ ಶಕ್ತಿ ಒಂಟಿ ಲೇಖಕನಿಗಾಗಲೀ ಸಣ್ಣ ಕಂಪನಿಗಾಗಲೀ ಇರಲಿಲ್ಲ. ನಾಲ್ಕಾರು ಕಂಪ್ಯೂಟರುಗಳಲ್ಲಿ ಕೆಲವು ನೂರು ಆಟ ಆಡಿಸಿ, ಉಳಿದದ್ದನ್ನು ಅನುಭವದ ಮೇಲೆ ಊಹಿಸುವುದು ಅವರ ರೂಢಿಯಾಗಿತ್ತು. ಹಾಗೆ ಸೇರಿಸಿದ ಮೂರು ಬದಲಾವಣೆಗಳಲ್ಲಿ ಒಂದು ಹಾನಿ ಮಾಡುತ್ತಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಹಾನಿ ಮಾಡುವುದನ್ನು ಒಳಗೆ ಬಿಡದ ಜರಡಿಯೊಂದು ಸ್ಟಾಕ್‌ಫಿಶ್ ಬಳಿ ಇತ್ತು, ಜರಡಿ ಆಡಿಸಲು ಬೇಕಾದ ಯಂತ್ರಬಲ ದಾನವಾಗಿ ಬರುತ್ತಿತ್ತು, ಕೋಡ್ ಬಯಲಲ್ಲಿದ್ದುದರಿಂದ ಯಾರು ಬೇಕಾದರೂ ಉಪಾಯ ಕಳಿಸಬಹುದಿತ್ತು. 2013ರ ಕೊನೆಯಲ್ಲಿ ಟಿಸಿಇಸಿ ಎಂಬ ಎಂಜಿನ್‌ಗಳ ಪ್ರಮುಖ ಪಂದ್ಯಾವಳಿಯ ಫೈನಲ್‌ನಲ್ಲಿ ವಾಣಿಜ್ಯ ಎಂಜಿನ್ ಕೊಮೊಡೊ ಎದುರು ಸೋತಿದ್ದ ಸ್ಟಾಕ್‌ಫಿಶ್, 2014ರ ಫೈನಲ್‌ನಲ್ಲಿ ಅದನ್ನೇ ಸೋಲಿಸಿ ಪ್ರಶಸ್ತಿ ಗೆದ್ದಿತು. ಒಬ್ಬ ಮಹಾ ಪ್ರತಿಭಾವಂತ ಬಂದು ಸೇರಿದ್ದು ಈ ತಿರುವಿಗೆ ಕಾರಣವಲ್ಲ. ನೂರಾರು ಸಣ್ಣ ಕೊಡುಗೆಗಳನ್ನು ನಷ್ಟವಿಲ್ಲದೆ ಒಟ್ಟುಗೂಡಿಸುವ ವಿಧಾನ ಸಿಕ್ಕಿದ್ದು ಕಾರಣ.

ಗುಟ್ಟಾಗಿ ಉಳಿದ ಆಲ್ಫಾಝೀರೊ, ಬಯಲಲ್ಲಿ ಬೆಳೆದ ಲೀಲಾ

2017ರ ಡಿಸೆಂಬರಿನಲ್ಲಿ ಗೂಗಲ್‌ನ ಡೀಪ್‌ಮೈಂಡ್ ತನ್ನ ಆಲ್ಫಾಝೀರೊ ಸ್ಟಾಕ್‌ಫಿಶ್ 8ರ ವಿರುದ್ಧ ನೂರು ಆಟಗಳಲ್ಲಿ 28 ಗೆದ್ದು, 72 ಡ್ರಾ ಮಾಡಿಕೊಂಡು, ಒಂದನ್ನೂ ಸೋಲಲಿಲ್ಲ ಎಂದು ಪ್ರಕಟಿಸಿತು. ಮನುಷ್ಯರು ಕೊಟ್ಟ ಯಾವ ಅಂಕೆಗಳೂ ಇಲ್ಲದೆ, ನಿಯಮಗಳನ್ನಷ್ಟೇ ತಿಳಿದು, ತನ್ನೊಂದಿಗೆ ತಾನೇ ನಾಲ್ಕು ಕೋಟಿಗೂ ಹೆಚ್ಚು ಆಟಗಳನ್ನಾಡಿ ಅದು ಕಲಿತಿತ್ತು. ಸ್ಟಾಕ್‌ಫಿಶ್‌ಗೆ ನಡೆಗೆ ಒಂದು ನಿಮಿಷವೆಂಬ ಬಿಗಿ ಕಾಲಮಿತಿ ಹಾಕಿದ್ದರು, ಲೆಕ್ಕ ಹಾಕಿದ ಸ್ಥಿತಿಗಳನ್ನು ನೆನಪಿಡುವ ಹ್ಯಾಶ್ ಮೆಮೊರಿ ಕಡಿಮೆ ಕೊಟ್ಟಿದ್ದರು ಎಂಬ ತಕರಾರುಗಳು ಎದ್ದವು, ಅವುಗಳಲ್ಲಿ ಹುರುಳಿತ್ತು. ಆದರೂ ಹೀಗೆ ಆಟಗಳಿಂದ ತಾನೇ ಬೆಲೆ ಕಟ್ಟಲು ಕಲಿಯುವ ನರಜಾಲದ (ನ್ಯೂರಲ್ ನೆಟ್‌ವರ್ಕ್) ದಾರಿ ಫಲ ಕೊಡುತ್ತದೆ ಎಂಬುದರಲ್ಲಿ ಸಂಶಯ ಉಳಿಯಲಿಲ್ಲ.

ಡೀಪ್‌ಮೈಂಡ್ ತನ್ನ ಪ್ರಬಂಧವನ್ನು ಪ್ರಕಟಿಸಿತೇ ಹೊರತು ಎಂಜಿನ್ನನ್ನು ಬಿಡುಗಡೆ ಮಾಡಲಿಲ್ಲ. ಅದರ ಯಂತ್ರಶಾಲೆ ಹವ್ಯಾಸಿಗಳ ಕೈಗೆಟುಕುವಂಥದ್ದೂ ಆಗಿರಲಿಲ್ಲ. ಸ್ವಂತ ಆಟಗಳನ್ನು ಸೃಷ್ಟಿಸಲೆಂದೇ 5000 ವಿಶೇಷ ಸಂಸ್ಕಾರಕಗಳನ್ನು (ಪ್ರೊಸೆಸರ್) ಅದು ಬಳಸಿತ್ತು. 2018ರ ಆರಂಭದಲ್ಲಿ ಅದೇ ಗ್ಯಾರಿ ಲಿನ್ಸ್‌ಕಾಟ್ ಮತ್ತು ಸಂಗಡಿಗರು ಲೀಲಾ ಚೆಸ್ ಝೀರೊ ಎಂಬ ಮುಕ್ತ ಯೋಜನೆ ಶುರುಮಾಡಿ, ಜನರ ಮನೆಗಳಲ್ಲಿ ವಿಡಿಯೊ ಗೇಮ್‌ಗೆಂದು ಕೊಂಡಿದ್ದ ಗ್ರಾಫಿಕ್ಸ್ ಕಾರ್ಡ್‌ಗಳನ್ನು ಒಗ್ಗೂಡಿಸಿದರು. ಆರಂಭದ ಲೀಲಾ ಎಳೆಯ ಮಗುವಿನ ಮಟ್ಟದಲ್ಲಿ ಆಡುತ್ತಿತ್ತು. 2019ರ ಮೇ ಹೊತ್ತಿಗೆ ಟಿಸಿಇಸಿ ಫೈನಲ್‌ನಲ್ಲಿ ಅದು ಸ್ಟಾಕ್‌ಫಿಶ್ಶನ್ನೇ ಸೋಲಿಸಿತು.

ಇದಕ್ಕೆ ಸ್ಟಾಕ್‌ಫಿಶ್ ಕೊಟ್ಟ ಉತ್ತರ ಬಂದದ್ದು ಚದುರಂಗದ ಹೊರಗಿನಿಂದ. ಜಪಾನಿನ ಶೋಗಿ ಆಟದ ಪ್ರೋಗ್ರಾಂಗಳಿಗಾಗಿ ಯು ನಾಸು ಎಂಬವರು 2018ರಲ್ಲಿ ರೂಪಿಸಿದ್ದ, ಸಾಮಾನ್ಯ ಸಂಸ್ಕಾರಕದಲ್ಲೇ ವೇಗವಾಗಿ ಓಡುವ ಎನ್ಎನ್‌ಯುಇ ಎಂಬ ಕಿರು ನರಜಾಲವನ್ನು ಹಿಸಾಯೊರಿ ನೋಡಾ ಎಂಬ ಹವ್ಯಾಸಿ ಸ್ಟಾಕ್‌ಫಿಶ್‌ಗೆ ಜೋಡಿಸಿ ತೋರಿಸಿದರು. 2020ರ ಸೆಪ್ಟೆಂಬರಿನ ಸ್ಟಾಕ್‌ಫಿಶ್ 12 ಇದರ ಫಲ. ಮುಂದೆ ಲೀಲಾ ಯೋಜನೆಯ ಸ್ವಯಂಸೇವಕರು ಸೃಷ್ಟಿಸಿದ ಆಟಗಳ ದತ್ತಾಂಶವನ್ನೇ ಬಳಸಿ ಸ್ಟಾಕ್‌ಫಿಶ್‌ನ ನರಜಾಲಗಳಿಗೆ ತರಬೇತಿ ಕೊಡಲಾಯಿತು, ಮನುಷ್ಯರು ಕೂಡಿಸಿ ಕಳೆದು ಹೊಂದಿಸಿದ್ದ ಹಳೆಯ ಬೆಲೆಕಟ್ಟುವ ಭಾಗವನ್ನು 2024ರ 16.1 ಆವೃತ್ತಿಯ ಹೊತ್ತಿಗೆ ಪೂರ್ತಿ ಕಿತ್ತುಹಾಕಲಾಯಿತು. ಮಣೆಯ ಮೇಲೆ ಪ್ರತಿಸ್ಪರ್ಧಿಯಾಗಿದ್ದ ಎಂಜಿನ್ನೇ ಮಣೆಯಾಚೆ ಅನ್ನದಾತನಾಯಿತು. ಎರಡು ಕಂಪನಿಗಳ ನಡುವೆ ಇಂಥ ಕೊಡುಕೊಳ್ಳುವಿಕೆ ನಡೆಯಲು ವಕೀಲರು ವರ್ಷಗಟ್ಟಲೆ ಕೂರಬೇಕಾಗುತ್ತಿತ್ತು. ಇಲ್ಲಿ ಪರವಾನಗಿಯೇ ಅದನ್ನು ಮೊದಲೇ ಇತ್ಯರ್ಥ ಮಾಡಿಟ್ಟಿತ್ತು.

ಮ್ಯೂನಿಕ್ ನ್ಯಾಯಾಲಯಕ್ಕೆ ಹೋದ ಜಗಳ

ಮುಕ್ತ ಎಂದರೆ ಯಾರು ಏನು ಬೇಕಾದರೂ ಮಾಡಬಹುದು ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ನಮ್ಮ ಭಾಗದ ಊರುಗಳಲ್ಲಿ ಬೀಜ ಬ್ಯಾಂಕಿನಿಂದ ಜೋಳದ ಬೀಜ ಒಯ್ದವರು ಸುಗ್ಗಿಯ ನಂತರ ಒಯ್ದದ್ದಕ್ಕಿಂತ ಹೆಚ್ಚು ಬೀಜವನ್ನು ಮರಳಿಸುವ ಕಟ್ಟಳೆಗೆ ಒಪ್ಪಿಯೇ ಒಯ್ಯುತ್ತಾರೆ. ಬೆಳೆದ ಜೋಳ ಮಾರಬಾರದೆಂದು ಯಾರೂ ಹೇಳುವುದಿಲ್ಲ. ಜಿಪಿಎಲ್ ಕೇಳುವುದೂ ಇದನ್ನೇ. ಕೋಡನ್ನು ಬಳಸಬಹುದು, ತಿದ್ದಬಹುದು, ದುಡ್ಡಿಗೆ ಮಾರಲೂಬಹುದು. ಆದರೆ ಕೊಂಡವರಿಗೆ ತಿದ್ದಿದ ಸೋರ್ಸ್ ಕೋಡ್ ಸಿಗಬೇಕು, ಅದನ್ನು ಮತ್ತೆ ಹಂಚುವ ಹಕ್ಕು ಅವರಿಗೂ ಇರಬೇಕು, ಮೂಲ ಲೇಖಕರ ಹೆಸರು ಅಳಿಸಬಾರದು.

2021ರ ಫೆಬ್ರವರಿಯಲ್ಲಿ ಚೆಸ್‌ಬೇಸ್ ಕಂಪನಿ ಫ್ಯಾಟ್ ಫ್ರಿಟ್ಜ್ 2 ಎಂಬ ಎಂಜಿನ್ನನ್ನು ಸುಮಾರು 100 ಯೂರೊ ಬೆಲೆಗೆ ಮಾರುಕಟ್ಟೆಗೆ ತಂದಿತು. ಅದರ ಒಳಗಿದ್ದುದು ಸ್ಟಾಕ್‌ಫಿಶ್. ಬೇರೆಯಾಗಿದ್ದುದು ಮುಖ್ಯವಾಗಿ ನರಜಾಲ. ಕೊಳ್ಳುವವರಿಗೆ ಈ ಸಂಗತಿಯನ್ನೂ ಪರವಾನಗಿಯ ಹಕ್ಕುಗಳನ್ನೂ ಸರಿಯಾಗಿ ತಿಳಿಸಿಲ್ಲ ಎಂದು ಸ್ಟಾಕ್‌ಫಿಶ್ ತಂಡ ಆಕ್ಷೇಪಿಸಿತು. ಅದಕ್ಕೂ ಮೊದಲು ಇದೇ ಕಂಪನಿ ಮಾರಿದ್ದ ಹೂಡಿನಿ 6 ಎಂಜಿನ್ನಿನಲ್ಲಿಯೂ ಸ್ಟಾಕ್‌ಫಿಶ್ ಕೋಡ್ ಇದೆ ಎಂದು ತಂಡ ಆರೋಪಿಸಿತು. 2021ರ ಜುಲೈನಲ್ಲಿ ಟೋರ್ಡ್ ರೋಮ್‌ಸ್ಟಾಡ್ ಮತ್ತು ಸ್ಟೆಫಾನ್ ನಿಕೊಲೆ ಮೊಕದ್ದಮೆ ಹೂಡಿದರು. ಅದು ಮ್ಯೂನಿಕ್ ನ್ಯಾಯಾಲಯಕ್ಕೆ ಹೋಯಿತು.

2022ರ ನವೆಂಬರಿನಲ್ಲಿ ರಾಜಿಯಾಯಿತು. ಒಂದು ವರ್ಷದ ಅವಧಿಗೆ ಸ್ಟಾಕ್‌ಫಿಶ್ ಕೋಡ್ ಇರುವ ಉತ್ಪನ್ನಗಳನ್ನು ಹಂಚದಿರಲು, ಮುಕ್ತ ತಂತ್ರಾಂಶದ ಪರವಾನಗಿಗಳ ಪಾಲನೆಯನ್ನು ನೋಡಿಕೊಳ್ಳಲೆಂದೇ ಒಬ್ಬ ಅಧಿಕಾರಿಯನ್ನು ನೇಮಿಸಲು, ತನ್ನ ಉತ್ಪನ್ನಗಳಲ್ಲಿ ಬಳಸಿದ ಮುಕ್ತ ತಂತ್ರಾಂಶದ ವಿವರಗಳನ್ನು ಸಾರ್ವಜನಿಕವಾಗಿ ಪ್ರಕಟಿಸಲು ಕಂಪನಿ ಒಪ್ಪಿತು. ಆ ಅವಧಿ ಮುಗಿದ ಮೇಲೆ ಪರವಾನಗಿಯನ್ನು ಪಾಲಿಸುವುದಾದರೆ ಮತ್ತೆ ಮಾರಲು ಅಡ್ಡಿ ಇರಲಿಲ್ಲ. ಸ್ವಯಂಸೇವಕರು ಬರೆದ ಕೋಡಿನ ಪರವಾನಗಿ ಬರಿಯ ಸೌಜನ್ಯದ ಮಾತಲ್ಲ, ಅದನ್ನು ಹಿಡಿದು ಕಂಪನಿಯೊಂದನ್ನು ನ್ಯಾಯಾಲಯದ ಮೆಟ್ಟಿಲು ಹತ್ತಿಸಬಹುದು ಎಂಬುದು ಈ ಪ್ರಕರಣದಿಂದ ಖಚಿತವಾಯಿತು. ಇದಿಲ್ಲದೆ ಹೋಗಿದ್ದರೆ ಫಿಶ್‌ಟೆಸ್ಟ್‌ಗೆ ರಾತ್ರಿಯಿಡೀ ಕಂಪ್ಯೂಟರ್ ಬಿಟ್ಟುಕೊಡುವವರ ಉತ್ಸಾಹ ಎಷ್ಟು ದಿನ ಉಳಿಯುತ್ತಿತ್ತು ಎಂಬುದು ಅನುಮಾನ.

ಮಾರುವವರ ಮಾತಿನಲ್ಲಿ ಇರುವ ನ್ಯಾಯ

ವಾಣಿಜ್ಯ ಎಂಜಿನ್‌ಗಳ ಲೇಖಕರ ಅಳಲನ್ನು ತಳ್ಳಿಹಾಕುವುದು ತಪ್ಪಾಗುತ್ತದೆ. ಕೊಮೊಡೊ ಎಂಜಿನ್ನನ್ನು ಬರೆದ ಡಾನ್ ಡೈಲಿ 2013ರ ನವೆಂಬರಿನಲ್ಲಿ ತೀರಿಕೊಂಡರು. ಅವರ ಎಂಜಿನ್ ಟಿಸಿಇಸಿ ಗೆದ್ದದ್ದು ಅದಾದ ಕೆಲವೇ ವಾರಗಳ ನಂತರ. ದಶಕಗಳ ದುಡಿಮೆಗೆ ಪ್ರತಿಫಲವಾಗಿ ಆ ಎಂಜಿನ್ನಿಗೆ ಬೆಲೆ ಇಟ್ಟದ್ದರಲ್ಲಿ ಯಾವ ದೋಷವೂ ಇಲ್ಲ. ಉಚಿತವಾದದ್ದೇ ಎಲ್ಲಕ್ಕಿಂತ ಬಲಶಾಲಿಯಾದಾಗ ಉಳಿದವರಿಗೆ ಗಿರಾಕಿಗಳಿರುವುದಿಲ್ಲ, ಆಗ ಹೊಸ ದಾರಿ ಹುಡುಕುವ ಸ್ವತಂತ್ರ ಲೇಖಕರು ಕ್ಷೇತ್ರವನ್ನೇ ಬಿಡುತ್ತಾರೆ, ಎಲ್ಲರೂ ಒಂದೇ ಕೋಡಿನ ಸುತ್ತ ಸುತ್ತುತ್ತಾರೆ ಎಂಬುದು ಅವರ ವಾದ. ಕೊಮೊಡೊ 2018ರಲ್ಲಿ ಆನ್‌ಲೈನ್ ಚೆಸ್ ತಾಣ ನಡೆಸುವ ಚೆಸ್.ಕಾಮ್ ಕಂಪನಿಯ ಪಾಲಾದದ್ದು ಈ ಒತ್ತಡಕ್ಕೆ ಸಾಕ್ಷಿ ಎನ್ನಬಹುದು.

ಆದರೆ ವಾದದ ಕೊನೆಯ ಭಾಗ ವಾಸ್ತವಕ್ಕೆ ಹೊಂದುವುದಿಲ್ಲ. ಆಂಡ್ರ್ಯೂ ಗ್ರಾಂಟ್ ರೂಪಿಸಿದ ಓಪನ್‌ಬೆಂಚ್ ಫಿಶ್‌ಟೆಸ್ಟ್‌ನ ಮಾದರಿಯ ಪರೀಕ್ಷಾ ಸೌಲಭ್ಯವನ್ನು ಸಣ್ಣ ಎಂಜಿನ್‌ಗಳ ಲೇಖಕರಿಗೂ ಒದಗಿಸಿದೆ, ಅದನ್ನು ಬಳಸುವ ಹವ್ಯಾಸಿಗಳ ಎಂಜಿನ್‌ಗಳು ಒಂದು ಕಾಲದ ಅಜೇಯ ರಿಬ್ಕಾವನ್ನು ಇಂದು ಸುಲಭವಾಗಿ ಮೀರಿಸುತ್ತವೆ. 2023ರಲ್ಲಿ ಚೆಸ್.ಕಾಮ್ ಹೊರತಂದ ಟಾರ್ಚ್ ಎಂಬ ಮುಚ್ಚಿದ ಕೋಡಿನ ಎಂಜಿನ್ನನ್ನು ಕಟ್ಟಿದವರಲ್ಲಿ ಹವ್ಯಾಸಿ ಎಂಜಿನ್‌ಗಳಿಂದ ಹೆಸರಾದ ಗ್ರಾಂಟ್ ಅವರೂ ಇದ್ದಾರೆ. ಬಿಡಿಬಿಡಿಯಾಗಿ ಎಂಜಿನ್ ಮಾರುವ ಕಸುಬು ಮುಗಿಯುತ್ತಿದೆ. ಎಂಜಿನ್ ಬರೆಯುವ ಪ್ರತಿಭೆಗೆ ಕಂಪನಿಗಳು ಸಂಬಳ ಕೊಡುವ ಪದ್ಧತಿ ಅದರ ಜಾಗಕ್ಕೆ ಬರುತ್ತಿದೆ.

ಕಲಬುರಗಿಯ ಪಾಲಕರು ದುಡ್ಡು ಕೊಡಬೇಕಾದದ್ದು ಯಾವುದಕ್ಕೆ

ಚೆಸ್ ಕಲಿಕೆಯಲ್ಲಿ ಕಲ್ಯಾಣ ಕರ್ನಾಟಕಕ್ಕೆ ದೂರವೇ ದೊಡ್ಡ ಅಡಚಣೆ. ರೇಟೆಡ್ ಟೂರ್ನಿಗಳಿಗೆ, ಹೆಸರಾಂತ ಕೋಚ್‌ಗಳಿಗೆ ಆರುನೂರು ಕಿಲೋಮೀಟರಿನಷ್ಟು ದೂರದ ಬೆಂಗಳೂರಿಗೆ ಅಥವಾ ಹೈದರಾಬಾದಿಗೆ, ಸೊಲ್ಲಾಪುರಕ್ಕೆ ಹೋಗುವ ಖರ್ಚನ್ನು ಎಲ್ಲ ಕುಟುಂಬಗಳೂ ಭರಿಸಲಾರವು. ಎಂಜಿನ್ನಿನ ಮಟ್ಟಿಗೆ ಮಾತ್ರ ಆ ಅಂತರ ಅಳಿದಿದೆ. ಗ್ರ್ಯಾಂಡ್‌ಮಾಸ್ಟರ್ ತಯಾರಿಗೆ ಬಳಸುವ ಅದೇ ಸ್ಟಾಕ್‌ಫಿಶ್ ಔರಾದಿನ ಅಥವಾ ಸುರಪುರದ ಹುಡುಗಿಯ ಫೋನಿನಲ್ಲಿಯೂ ಓಡುತ್ತದೆ. ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಬೇಕಿಲ್ಲ, ಫೋನು ಬಿಸಿಯಾಗಿ ಬ್ಯಾಟರಿ ಇಳಿಯುವುದಷ್ಟೇ ತೊಂದರೆ. ದೇಣಿಗೆಯಿಂದ ನಡೆಯುವ ಫ್ರಾನ್ಸಿನ ಲಾಭರಹಿತ ತಾಣ ಲಿಚೆಸ್‌ನಲ್ಲಿ ಆಟ ಮುಗಿದ ಕೂಡಲೇ ಉಚಿತ ವಿಶ್ಲೇಷಣೆ ಸಿಗುತ್ತದೆ. ಆ ಲೆಕ್ಕವನ್ನು ಮಾಡುವವೂ ಸ್ವಯಂಸೇವಕರ ಕಂಪ್ಯೂಟರುಗಳೇ. ಆದ್ದರಿಂದ ‘ನಮ್ಮಲ್ಲಿ ಅತ್ಯಂತ ಬಲಶಾಲಿ ಎಂಜಿನ್ ಇದೆ’ ಎಂಬ ಮಾತಿಗೆ ಮರುಳಾಗಿ ಯಾರೂ ಚಂದಾ ಕಟ್ಟಬೇಕಾಗಿಲ್ಲ.

ತನ್ನ ತೀರ್ಪಿನ ಹಿಂದಿನ ಕಾರಣವನ್ನು ಮಾತ್ರ ಎಂಜಿನ್ ಕೊಡಲಾರದು. ಮಗು ತನ್ನ ಆಟವನ್ನು ತೆರೆದು ನೋಡುತ್ತದೆ. ಹದಿನಾಲ್ಕನೇ ನಡೆಯಲ್ಲಿ ಅಂಕೆ +0.3ರಿಂದ -1.8ಕ್ಕೆ ಕುಸಿದಿದೆ, ಕುದುರೆಯ ನಡೆ ತಪ್ಪು, ಆನೆಯನ್ನು ನಡೆಸಬೇಕಿತ್ತು ಎಂದು ಬಾಣದ ಗುರುತು ತೋರಿಸುತ್ತದೆ. ಏಕೆ ಎಂಬುದಿಲ್ಲ. ಆ ಆನೆಯ ನಡೆಯ ಫಲ ಹನ್ನೆರಡು ನಡೆಗಳಾಚೆ ಇದ್ದರೆ, 1200 ರೇಟಿಂಗಿನ ಮಗುವಿಗೆ ಅದು ತಿಳಿಯುವುದೂ ಇಲ್ಲ, ಬೇಕಾಗಿಯೂ ಇಲ್ಲ. ಅಂಕೆಯ ಅರ್ಥವನ್ನೂ ಹಲವರು ತಪ್ಪಾಗಿ ಗ್ರಹಿಸುತ್ತಾರೆ. 2022ರ ಕೊನೆಯಲ್ಲಿ ಬಂದ ಸ್ಟಾಕ್‌ಫಿಶ್ 15.1ರಿಂದ ಈಚೆಗೆ +1 ಎಂದರೆ ಒಂದು ಸೈನಿಕ ಹೆಚ್ಚು ಎಂದಲ್ಲ. ಸಮಬಲದ ಎಂಜಿನ್‌ಗಳು ಅಲ್ಲಿಂದ ಆಡಿದರೆ ಗೆಲ್ಲುವ ಸಂಭವ ಶೇ 50 ಎಂದು. ಶಾಲಾ ಮಕ್ಕಳ ಆಟದಲ್ಲಿ +1 ಇದ್ದವರು ಸೋಲುವುದು ದಿನನಿತ್ಯದ ಸಂಗತಿ.

ಈ ಕೊರತೆಯನ್ನು ತುಂಬುವ ಕೆಲಸಕ್ಕೆ, ಅಂದರೆ ವಿವರಿಸುವ ಕೋಚ್‌ಗೆ, ಕ್ರಮಬದ್ಧ ಪಾಠಕ್ಕೆ, ಕೋಟಿಗೂ ಹೆಚ್ಚು ಆಟಗಳಿರುವ ವ್ಯವಸ್ಥಿತ ದತ್ತಸಂಚಯಕ್ಕೆ ಹಣ ಕೊಡುವುದರಲ್ಲಿ ಅರ್ಥವಿದೆ. ವಾಣಿಜ್ಯ ಕಂಪನಿಗಳು ಈಗ ಪೈಪೋಟಿ ನಡೆಸುತ್ತಿರುವುದೂ ಇಲ್ಲಿಯೇ. ಮುಕ್ತ ಪಾಳೆಯವೂ ಸುಮ್ಮನೆ ಕುಳಿತಿಲ್ಲ. 2020ರಲ್ಲಿ ಸಂಶೋಧಕರು ಹೊರತಂದ ಮಾಯಾ ಎಂಬ ಮುಕ್ತ ಎಂಜಿನ್ ಲಿಚೆಸ್‌ನ ಸಾರ್ವಜನಿಕ ಆಟಗಳಿಂದ ಕಲಿತಿದ್ದು, 1100ರಿಂದ 1900ರವರೆಗಿನ ರೇಟಿಂಗಿನ ಮನುಷ್ಯರು ಯಾವ ನಡೆ ನಡೆಯಬಹುದೆಂದು ಊಹಿಸುತ್ತದೆ. ಅಭ್ಯಾಸಕ್ಕೆ ಮಗುವಿಗೆ ಬೇಕಾದ ಎದುರಾಳಿ ಇಂಥದ್ದು, 3500ರ ಎಂಜಿನ್ ಅಲ್ಲ.

ಬಲ ಎಲ್ಲರ ಜೇಬಿಗೆ ಬಂದುದರ ಕೆಟ್ಟ ಪರಿಣಾಮವೂ ಇದೆ. ಆನ್‌ಲೈನ್ ಆಟದಲ್ಲಿ ಪಕ್ಕದ ಫೋನನ್ನು ನೋಡಿ ಆಡುವ ಮೋಸ ಹೆಚ್ಚಿದೆ, ಟೂರ್ನಿಯ ಸಭಾಂಗಣಕ್ಕೆ ಫೋನ್ ತರಬಾರದೆಂಬ ಫಿಡೆ ನಿಯಮ ತಾಲ್ಲೂಕು ಮಟ್ಟದ ಪಂದ್ಯಗಳಲ್ಲಿಯೂ ಬಿಗಿಯಾಗಬೇಕಾಗಿದೆ. ಎಂಜಿನ್ ಮುಕ್ತವಾದದ್ದು ಇದಕ್ಕೆ ಕಾರಣ ಎನ್ನುವವರಿದ್ದಾರೆ. ಗ್ರ್ಯಾಂಡ್‌ಮಾಸ್ಟರರನ್ನು ಮೀರಿಸಿದ ದುಡ್ಡಿನ ಎಂಜಿನ್‌ಗಳು ಸ್ಟಾಕ್‌ಫಿಶ್ ಹುಟ್ಟುವ ಮೊದಲೇ ಮಾರುಕಟ್ಟೆಯಲ್ಲಿದ್ದವು. ಮೋಸಕ್ಕೆ ಅಷ್ಟು ಬಲ ಆಗಲೇ ಸಾಕಾಗಿತ್ತು.

ಈ ವ್ಯವಸ್ಥೆ ಎಲ್ಲಿ ಸೋರಬಹುದು

ಮುಕ್ತ ಎಂಜಿನ್‌ಗಳ ಮುನ್ನಡೆ ಶಾಶ್ವತ ಎಂದುಕೊಳ್ಳಲು ಕಾರಣವಿಲ್ಲ. ಅದು ನಿಂತಿರುವುದು ಎರಡು ಕಂಬಗಳ ಮೇಲೆ: ಉಪಾಯ ಕಳಿಸುವ ಜನ, ಪರೀಕ್ಷೆಗೆ ಯಂತ್ರಬಲ. ಎಂಜಿನ್ ಬಲಿತಷ್ಟೂ ಮುಂದಿನ ಸುಧಾರಣೆ ಚಿಕ್ಕದಾಗುತ್ತದೆ. ಚಿಕ್ಕದನ್ನು ಅಳೆಯಲು ಹೆಚ್ಚು ಆಟಗಳು, ಹೆಚ್ಚು ಆಟಗಳಿಗೆ ಹೆಚ್ಚು ಯಂತ್ರಗಳು ಬೇಕು. ನರಜಾಲದ ತರಬೇತಿಗೆ ಬೇಕಾದ ಗ್ರಾಫಿಕ್ಸ್ ಕಾರ್ಡ್‌ಗಳು ಎಐ ಪೈಪೋಟಿಯಿಂದಾಗಿ ದುಬಾರಿಯಾಗಿವೆ. ಟಾರ್ಚ್‌ನಂಥ ಮುಚ್ಚಿದ ಎಂಜಿನ್ನಿನ ಹಿಂದಿರುವ ಕಂಪನಿ, ದಾನಿಗಳಿಗಾಗಿ ಕಾಯದೆ ಯಂತ್ರಗಳನ್ನು ಬಾಡಿಗೆಗೆ ಪಡೆಯಬಲ್ಲದು. ಹೀಗಿದ್ದೂ 2020ರಿಂದೀಚೆಗೆ ಟಿಸಿಇಸಿಯ ಪ್ರಶಸ್ತಿಗಳು ಬಹುಪಾಲು ಸ್ಟಾಕ್‌ಫಿಶ್ ಪಾಲಾಗಿವೆ, ಫೈನಲ್‌ಗಳಲ್ಲಿ ಅದರ ಎದುರು ಪದೇ ಪದೇ ಕುಳಿತದ್ದು ಇನ್ನೊಂದು ಮುಕ್ತ ಎಂಜಿನ್ ಲೀಲಾ.

ಈ ಎರಡೂ ಕಂಬಗಳಿಗೆ ನಮ್ಮ ಜಿಲ್ಲೆಗಳಿಂದ ಹೆಗಲು ಕೊಡುವುದು ಸಾಧ್ಯ. ಕಲಬುರಗಿಯ ಪಿಡಿಎ, ಬೀದರಿನ ಗುರುನಾನಕ ದೇವ್‌ನಂಥ ಎಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ವಿಭಾಗದ ವಿದ್ಯಾರ್ಥಿಗಳು ಓದುವ ಸಿ++ ಭಾಷೆಯಲ್ಲೇ ಸ್ಟಾಕ್‌ಫಿಶ್ ಬರೆಯಲ್ಪಟ್ಟಿದೆ, ಅದರ ಪ್ರತಿಯೊಂದು ಸಾಲನ್ನೂ ಓದಬಹುದು, ಪಾಸಾದ ಮತ್ತು ಫೇಲಾದ ಪ್ರತಿಯೊಂದು ಪರೀಕ್ಷೆಯ ದಾಖಲೆಯೂ ಬಯಲಲ್ಲಿದೆ. ಅಂತಿಮ ವರ್ಷದ ಪ್ರಾಜೆಕ್ಟ್‌ಗೆ ಸಿದ್ಧ ವರದಿಯನ್ನು ಕೊಂಡು ತರುವ ಬದಲು, ಒಂದು ತಿದ್ದುಪಡಿ ಬರೆದು ಫಿಶ್‌ಟೆಸ್ಟ್‌ಗೆ ಕಳಿಸಿ, ಅದು ಏಕೆ ಬಿದ್ದುಹೋಯಿತೆಂದು ವಿವರಿಸುವ ವಿದ್ಯಾರ್ಥಿ ಹುಡುಕಾಟದ ಕ್ರಮವಿಧಿ, ಸಂಖ್ಯಾಶಾಸ್ತ್ರ, ಪರವಾನಗಿಯ ಕಾನೂನು ಈ ಮೂರನ್ನೂ ಕೈಯಾರೆ ಕಲಿತಿರುತ್ತಾನೆ. ಯಂತ್ರಬಲ ಕೊಡುವುದಾದರೆ ಪ್ರಾಚಾರ್ಯರ ಅನುಮತಿ, ಯು.ಪಿ.ಎಸ್. ಇರುವ ಲ್ಯಾಬು, ನಿರಂತರ ಇಂಟರ್‌ನೆಟ್ ಬೇಕು. ಕರೆಂಟು ಹೋಗಿ ಕಂಪ್ಯೂಟರ್ ನಡುವೆ ನಿಂತರೂ ಪರೀಕ್ಷೆ ಕೆಡುವುದಿಲ್ಲ, ಬಾಕಿ ಉಳಿದ ಆಟಗಳನ್ನು ಫಿಶ್‌ಟೆಸ್ಟ್ ಬೇರೆಯವರ ಕಂಪ್ಯೂಟರಿಗೆ ಹಂಚುತ್ತದೆ.